ನಿಂತ ಗೋಡೆ, ನಡೆಯುವ ನಿಸರ್ಗ: ಬೀದರ್ ನೆಲದ ಬಿಂಬಗಳ ಆಯ್ಕೆ



ಬೀದರ್, ಭಾಲ್ಕಿ ಮತ್ತು ಔರಾದ್, ಈ ಮೂರು ಊರುಗಳ ಚಿತ್ರಕಲಾ ವಿದ್ಯಾರ್ಥಿಗಳು ಕೂಡಿ ಈ ವರ್ಷ ಒಂದು ಗೋಡೆಚಿತ್ರ ಮಾಡಬೇಕೆಂದು ಸಂಘಟಕರು ನಿರ್ಧರಿಸಿದ್ದಾರೆ. ವಿಷಯ, ನಿಸರ್ಗ ಮತ್ತು ಚಲನೆ. ಅದಕ್ಕೆ ಸ್ಫೂರ್ತಿಯಾಗಬಲ್ಲ ಚಿತ್ರಗಳನ್ನು ಸಂಗ್ರಹಿಸಿ ತನ್ನಿ ಎಂದಾಗ ಮಕ್ಕಳು ತಂದದ್ದನ್ನು ನಾನು ನೋಡಿದೆ. ಭೋರ್ಗರೆಯುವ ಜಲಪಾತ, ರೆಕ್ಕೆ ಬಿಚ್ಚಿದ ಹದ್ದು, ಕಡಲಿನ ಎತ್ತರದ ಅಲೆ, ಕೇಸರ ಹಾರಿಸಿಕೊಂಡು ಓಡುವ ಬಿಳಿ ಕುದುರೆ. ಒಂದಕ್ಕಿಂತ ಒಂದು ಚೆಂದ. ಎಲ್ಲವೂ ಮೊಬೈಲಿನಲ್ಲಿ ಹುಡುಕಿ ಇಳಿಸಿಕೊಂಡವು. ಅವು ಪರಸ್ಥಳದ ಚಿತ್ರಗಳು ಎಂಬುದು ನನ್ನ ತಕರಾರಲ್ಲ. ಬೀದರಿನ ಕಲೆಯೇ ಪರ್ಷಿಯಾದಿಂದ ಬಂದದ್ದನ್ನು ಅರಗಿಸಿಕೊಂಡು ಬೆಳೆದದ್ದು. ನನ್ನ ತಕರಾರು ಬೇರೆ. ಆ ಚಿತ್ರಗಳಲ್ಲಿ ಆಯ್ಕೆಯ ಕೆಲಸವನ್ನು ಇನ್ನೊಬ್ಬರು ಆಗಲೇ ಮುಗಿಸಿಬಿಟ್ಟಿದ್ದಾರೆ. ಯಾವ ಕ್ಷಣ, ಯಾವ ಕೋನ, ಎಷ್ಟು ಬೆಳಕು, ಯಾವುದನ್ನು ಚೌಕಟ್ಟಿನ ಹೊರಗಿಡಬೇಕು, ಎಲ್ಲ ತೀರ್ಮಾನವಾಗಿದೆ. ನಮಗೆ ಉಳಿಯುವುದು ನಕಲು ಮಾತ್ರ.

ಆದ್ದರಿಂದ ಇಂದಿನ ಉಪನ್ಯಾಸದ ವ್ಯಾಪ್ತಿಯನ್ನು ಆಯ್ಕೆ ಎಂಬ ಒಂದೇ ಕೆಲಸಕ್ಕೆ ಸೀಮಿತಗೊಳಿಸಿಕೊಳ್ಳುತ್ತೇನೆ. ಚಲಿಸುವುದನ್ನು ಚಲಿಸದ ಗೋಡೆಯ ಮೇಲೆ ತರಲು ಯಾವ ಬಿಂಬವನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು? ಮೊದಲು ನಮ್ಮ ಹಳೆಯ ಗ್ರಂಥಗಳು ಮತ್ತು ಶಿಲ್ಪಿಗಳು ಈ ಬಗ್ಗೆ ಏನು ತಿಳಿದಿದ್ದರು ಎಂದು ನೋಡೋಣ. ನಂತರ ಬಿದ್ರಿ ಕೆಲಸದವರ ಬಳಿ ಹೋಗೋಣ. ಆಮೇಲೆ ಈ ಮೂರು ತಾಲ್ಲೂಕುಗಳ ನೆಲ, ನೀರು, ದನಕರು, ಆಕಾಶ. ಕೊನೆಗೆ ಛಾಯಾಚಿತ್ರದ ಬಗ್ಗೆ ಎರಡು ಮಾತು. ಸಮಯ ಹೆಚ್ಚು ಹೋಗುವುದು ನಡುವಿನ ಎರಡು ಭಾಗಗಳಿಗೇ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ವಿಷ್ಣುಧರ್ಮೋತ್ತರ ಪುರಾಣದಲ್ಲಿ ಚಿತ್ರಸೂತ್ರ ಎಂಬ ಭಾಗವಿದೆ. ಅದರಲ್ಲಿ ವಜ್ರನೆಂಬ ರಾಜನು ಮಾರ್ಕಂಡೇಯ ಮುನಿಯ ಬಳಿ ಬಂದು ತನಗೆ ಮೂರ್ತಿ ಮಾಡುವುದನ್ನು ಕಲಿಸಬೇಕೆಂದು ಕೇಳುತ್ತಾನೆ. ಚಿತ್ರ ತಿಳಿಯದವನಿಗೆ ಮೂರ್ತಿ ತಿಳಿಯದು ಎನ್ನುತ್ತಾನೆ ಮುನಿ. ಹಾಗಾದರೆ ಚಿತ್ರವನ್ನೇ ಕಲಿಸಿ ಎಂದರೆ, ನೃತ್ಯ ತಿಳಿಯದೆ ಚಿತ್ರ ಬಾರದು ಎಂಬ ಉತ್ತರ. ನೃತ್ಯಕ್ಕೆ ವಾದ್ಯ ಬೇಕು, ವಾದ್ಯಕ್ಕೆ ಹಾಡು ಬೇಕು. ಪಾಪ, ರಾಜ ಕೇಳಲು ಬಂದದ್ದು ಒಂದು, ಕೂತು ಕಲಿಯಬೇಕಾಗಿ ಬಂದದ್ದು ಐದು. ಈ ಸಂವಾದದ ಹಿಂದೆ ಒಂದು ಗಟ್ಟಿ ನಂಬಿಕೆಯಿದೆ: ಕಾಗದದ ಮೇಲಿನ ಗೆರೆ ಮೈಯ ಚಲನೆಯಿಂದ ಹುಟ್ಟುತ್ತದೆ, ಮೈಗೆ ಗೊತ್ತಿಲ್ಲದ ಲಯ ಗೆರೆಗೆ ಬರುವುದಿಲ್ಲ.

ಅದೇ ಗ್ರಂಥ ಒಳ್ಳೆಯ ಚಿತ್ರಕಾರನಿಗೆ ಒಂದು ಪರೀಕ್ಷೆಯನ್ನೂ ಇಡುತ್ತದೆ. ಅಲೆ, ಬೆಂಕಿಯ ನಾಲಗೆ, ಹೊಗೆ, ಗಾಳಿಗೆ ಹಾರುವ ಪತಾಕೆ, ಇವನ್ನು ಅವುಗಳ ಗತಿಯೊಡನೆ ಬರೆಯಬಲ್ಲವನೇ ಚಿತ್ರ ಬಲ್ಲವನು. ಮಲಗಿದವನಿಗೂ ಸತ್ತವನಿಗೂ ಇರುವ ಭೇದವನ್ನು ತೋರಿಸಬಲ್ಲವನೂ ಹೌದು. ಈ ನಾಲ್ಕು ವಸ್ತುಗಳನ್ನೇ ಏಕೆ ಆರಿಸಿದರು ಎಂದು ಸ್ವಲ್ಪ ಯೋಚಿಸಿ. ನಾಲ್ಕಕ್ಕೂ ತಮ್ಮದೇ ಆದ ಸ್ಥಿರ ಆಕಾರವಿಲ್ಲ. ಗಾಳಿ ಅವಕ್ಕೆ ಆಕಾರ ಕೊಡುತ್ತದೆ. ಗಾಳಿಯನ್ನು ಬರೆಯಲು ಆಗುವುದಿಲ್ಲ, ಗಾಳಿ ಮಾಡಿದ್ದನ್ನು ಬರೆಯಬಹುದು. ಬಿಂಬ ಆರಿಸುವವರಿಗೆ ಇದಕ್ಕಿಂತ ಉಪಯುಕ್ತವಾದ ಸೂಚನೆ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ನೃತ್ಯದ ಮಾತು ಬಂತು. ಉಡುಪಿ ಸಮೀಪದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರರು ಮುಂಬೈಯಲ್ಲಿ ಹೆಸರಾಂತ ಚಿತ್ರಕಾರರಾಗಿದ್ದಾಗಲೂ ಗೆರೆಯ ಲಯಕ್ಕಾಗಿ ಕಥಕ್ ಕಲಿಯಲು ಹೋದರು. ಅವರ ರೇಖಾಚಿತ್ರಗಳ ಪುಸ್ತಕಕ್ಕೆ ಹಾಡುವ ಗೆರೆ ಎಂಬರ್ಥದ ಹೆಸರಿದೆ. ಅದರಲ್ಲಿನ ನರ್ತಕಿಯರನ್ನು ನೋಡಿ: ಕಣ್ಣು, ಮೂಗು, ಒಡವೆ ಎಲ್ಲ ಬಹುಮಟ್ಟಿಗೆ ಬಿಟ್ಟುಹೋಗಿವೆ. ತಿರುವು ಮಾತ್ರ ಉಳಿದಿದೆ.

ಇಷ್ಟು ದೂರ ಹೋಗಬೇಕಾಗಿಯೂ ಇಲ್ಲ. ನಮ್ಮ ಜಿಲ್ಲೆಯ ಬಸವಕಲ್ಯಾಣ, ಅಂದಿನ ಕಲ್ಯಾಣ, ಚಾಲುಕ್ಯರ ರಾಜಧಾನಿಯಾಗಿತ್ತು. ಅಲ್ಲಿಂದ ಆಳಿದ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದ ಮೊದಲರ್ಧದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಚಿತ್ರಕಲೆಗೆ ವಿಸ್ತಾರವಾದ ಜಾಗವಿದೆ. ಗೋಡೆಯನ್ನು ಹದಮಾಡುವ ಬಗೆ, ಎಮ್ಮೆಯ ಚರ್ಮ ಬೇಯಿಸಿ ತೆಗೆಯುವ ವಜ್ರಲೇಪವೆಂಬ ಅಂಟು, ಬಣ್ಣಗಳ ಬೆರಕೆ, ಎಲ್ಲವನ್ನೂ ಆತ ಹೇಳುತ್ತಾನೆ. ಕನ್ನಡಿಯಲ್ಲಿ ಕಂಡಂತೆ ಬರೆಯುವ ವಿದ್ಧಚಿತ್ರವನ್ನು ಮನಸ್ಸಿಗೆ ತೋಚಿದಂತೆ ಬರೆಯುವ ಅವಿದ್ಧಚಿತ್ರದಿಂದ ಬೇರೆ ಮಾಡಿ ಇಡುತ್ತಾನೆ. ಪುಡಿಯಿಂದ ಬರೆಯುವ ಧೂಳಿಚಿತ್ರಕ್ಕೂ, ಅಂದರೆ ನಮ್ಮ ಅವ್ವಂದಿರ ರಂಗೋಲಿಯ ಬಳಗಕ್ಕೂ, ಅಲ್ಲಿ ಜಾಗವಿದೆ. ಅದೇ ಚಾಲುಕ್ಯರ ಕಾಲದ ಜಲಸಂಗಿ ದೇವಾಲಯ ಹುಮನಾಬಾದ್ ಕಡೆಗೆ ಹೋದರೆ ಸಿಗುತ್ತದೆ. ಹೊರಗೋಡೆಯ ಮೇಲಿನ ಶಿಲಾಬಾಲಿಕೆಯರಲ್ಲಿ ಒಬ್ಬಳು ವಿಕ್ರಮಾದಿತ್ಯನನ್ನು ಹೊಗಳುವ ಶಾಸನವನ್ನು ಬರೆಯುತ್ತಿದ್ದಾಳೆ. ಬರೆದು ಮುಗಿಸಿದವಳನ್ನಾಗಲಿ ಬರೆಯಲು ಸಿದ್ಧಳಾದವಳನ್ನಾಗಲಿ ಶಿಲ್ಪಿ ಕೆತ್ತಲಿಲ್ಲ. ಕೈ ಅಕ್ಷರದ ಮೇಲಿದೆ. ಮೈ ಮೂರು ಕಡೆ ಬಾಗಿ, ಭಾರವೆಲ್ಲ ಒಂದು ಕಾಲಿನ ಮೇಲೆ ಬಿದ್ದಿದೆ. ಅಂಥ ಭಂಗಿಯಲ್ಲಿ ಯಾರೂ ಬಹಳ ಹೊತ್ತು ನಿಲ್ಲಲಾರರು, ಇನ್ನೇನು ಕಾಲು ಬದಲಿಸಬೇಕು ಎಂದು ನೋಡುವವರ ಮೈಗೇ ಅನಿಸುತ್ತದೆ. ಕಲ್ಲಿನಲ್ಲಿ ಚಲನೆ ಹುಟ್ಟುವುದು ಹೀಗೆ.

ಇಲ್ಲಿಂದ ನನ್ನ ಎರಡನೆಯ ವಿಷಯಕ್ಕೆ, ಬಿದ್ರಿಗೆ, ಬರುತ್ತೇನೆ. ಬೀದರಿನ ಚೌಬಾರಾದ ಸುತ್ತಮುತ್ತಲಿನ ಬಿದ್ರಿ ಅಂಗಡಿಗಳನ್ನು ದಾಟದೆ ಈ ಸಭೆಗೆ ಬಂದವರು ಕಡಿಮೆ. ದಿನಾ ಕಾಣುವುದರಿಂದಲೇ ಅದನ್ನು ನಾವು ಸರಿಯಾಗಿ ನೋಡುವುದಿಲ್ಲ.

ಕೆಲಸದ ಕ್ರಮವನ್ನು ಚುಟುಕಾಗಿ ಹೇಳುತ್ತೇನೆ, ಏಕೆಂದರೆ ಬಿಂಬದ ಆಯ್ಕೆ ಇಲ್ಲಿ ಕೆಲಸದ ಕ್ರಮದಿಂದಲೇ ಹುಟ್ಟುತ್ತದೆ. ಹದಿನಾರು ಪಾಲು ಸತುವಿಗೆ ಒಂದು ಪಾಲು ತಾಮ್ರ ಸೇರಿಸಿ ಮಣ್ಣಿನ ಅಚ್ಚಿನಲ್ಲಿ ಎರಕ ಹೊಯ್ಯುತ್ತಾರೆ. ಅರದಿಂದ ಉಜ್ಜಿ ನುಣುಪು ಮಾಡುತ್ತಾರೆ. ನಂತರ ಮೈಲುತುತ್ತದ ನೀರು ಸವರುತ್ತಾರೆ, ಮೇಲ್ಮೈ ತಾತ್ಕಾಲಿಕವಾಗಿ ಕಪ್ಪಾಗುತ್ತದೆ. ಆ ಕಪ್ಪಿನ ಮೇಲೆ ಚೂಪಾದ ಉಕ್ಕಿನ ಕಲಮಿನಿಂದ ಕೈಬಿಟ್ಟು ಗೀಚಿದರೆ ಗೆರೆ ಬೆಳ್ಳಗೆ ಕಾಣುತ್ತದೆ. ಅಲ್ಲಿಯೇ ಚಿತ್ರ ತೀರ್ಮಾನವಾಗುವುದು. ಆಮೇಲೆ ಸಣ್ಣ ಉಳಿಗಳಿಂದ ಆ ಗೆರೆಯನ್ನು ಕಡಿದು ಕಾಲುವೆ ಮಾಡಿ, ಅದರೊಳಗೆ ಬೆಳ್ಳಿಯ ತಂತಿಯನ್ನೋ ತಗಡನ್ನೋ ಸುತ್ತಿಗೆಯಿಂದ ಬಡಿದು ಕೂರಿಸುತ್ತಾರೆ. ತಂತಿಯದು ತಾರಕಶಿ, ತಗಡಿನದು ತೆಹನಿಶಾನ್. ಮತ್ತೆ ಉಜ್ಜಿದಾಗ ಲೋಹ, ಬೆಳ್ಳಿ ಎರಡೂ ಒಂದೇ ಬಣ್ಣದಲ್ಲಿ ಬೆರೆತು ಚಿತ್ರವೇ ಮಾಯವಾದಂತಿರುತ್ತದೆ. ಕೊನೆಗೆ ಬೀದರ್ ಕೋಟೆಯ ಹಳೆಯ ಮಣ್ಣನ್ನು ನವಸಾಗರದೊಂದಿಗೆ ನೀರಿನಲ್ಲಿ ಕಲಸಿ, ಬಿಸಿಮಾಡಿದ ಸಾಮಾನಿಗೆ ಹಚ್ಚಿ ತಿಕ್ಕಿದರೆ ಲೋಹ ಮಾತ್ರ ಕಡುಕಪ್ಪಾಗುತ್ತದೆ. ಬೆಳ್ಳಿ ಹಾಗೆಯೇ ಉಳಿದು ಎದ್ದು ಬರುತ್ತದೆ. ಮಣ್ಣಿನ ಗುಣವನ್ನು ನಾಲಗೆಗೆ ಹಚ್ಚಿ ತಿಳಿಯುವ ಉಸ್ತಾದರಿದ್ದಾರೆ. 2006ರಲ್ಲಿ ಈ ಕಲೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿತು. 2023ರಲ್ಲಿ ನಮ್ಮೂರಿನ ಶಾಹ್ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂತು.

ಈಗ ಚಿತ್ರಕಾರನ ಕಣ್ಣಿನಿಂದ ನೋಡಿ. ಈ ಮಾಧ್ಯಮದಲ್ಲಿ ಎರಡೇ ಬಣ್ಣ. ನೆರಳು, ಬೆಳಕಿನ ಮೆಟ್ಟಿಲು, ದೂರ, ಮಂಜು, ಯಾವುದಕ್ಕೂ ಅವಕಾಶವಿಲ್ಲ. ಹಾಗಾಗಿ ಬಿದ್ರಿಯವರು ನಿಸರ್ಗದಿಂದ ಬೆಟ್ಟವನ್ನು ತರಲಿಲ್ಲ, ಮೋಡವನ್ನು ತರಲಿಲ್ಲ, ಸೂರ್ಯಾಸ್ತವನ್ನಂತೂ ಮೂಸಿಯೂ ನೋಡಲಿಲ್ಲ. ಅವರು ಆರಿಸಿದ್ದು ಬಳ್ಳಿ, ಗಸಗಸೆಯ ಹೂವು, ನಕ್ಷತ್ರ, ಅಶರ್ಫಿ ಬೂಟಿ, ಮೀನಿನ ಹುರುಪೆ. ಪ್ರತಿಯೊಂದರ ಆಯ್ಕೆಗೂ ಕಾರಣವಿದೆ.

ಬಳ್ಳಿಯನ್ನು ತೆಗೆದುಕೊಳ್ಳಿ. ತಂತಿ ಎಂಬುದು ಸಹಜವಾಗಿ ಬಾಗುವ ವಸ್ತು, ಬಳ್ಳಿಯೂ ಹಾಗೆಯೇ. ಹೂಜಿಯ ಕೊರಳಿನಲ್ಲಿ ಹುಟ್ಟಿದ ಬಳ್ಳಿ ಹೊಟ್ಟೆಯ ಮೇಲೆ ಅಗಲವಾಗಿ ಹರಿದು, ಬುಡದ ಹತ್ತಿರ ಮತ್ತೆ ಬಿಗಿಯಾಗುತ್ತದೆ. ಎದುರಿನಿಂದ ನೋಡಿದರೆ ಅದರ ಮೊದಲು ಕೊನೆ ಎರಡೂ ಕಾಣುವುದಿಲ್ಲ. ಕಾಣಬೇಕೆಂದರೆ ಹೂಜಿಯನ್ನು ಕೈಯಲ್ಲಿ ತಿರುಗಿಸಬೇಕು. ತಿರುಗಿಸಿದೊಡನೆ ಬಳ್ಳಿ ಓಡತೊಡಗುತ್ತದೆ. ಚಲನೆಯ ಅರ್ಧ ಭಾಗವನ್ನು ಕಲಾವಿದ ನೋಡುವವನ ಕೈಗೇ ಬಿಟ್ಟಿದ್ದಾನೆ. ನಿಮ್ಮ ಗೋಡೆಯೂ ಉದ್ದವಾದದ್ದು. ಅದನ್ನು ನೋಡುವವರು ನಿಂತು ನೋಡುವುದಿಲ್ಲ, ಬಸ್ ಹಿಡಿಯಲು ನಡೆಯುತ್ತಾ ನೋಡುತ್ತಾರೆ. ಆ ನಡಿಗೆಯನ್ನು ಲೆಕ್ಕಕ್ಕೆ ತೆಗೆದುಕೊಂಡು ಬಿಂಬ ಆರಿಸಿದರೆ ಗೋಡೆಯ ಕೆಲಸ ಅರ್ಧ ಹಗುರಾಗುತ್ತದೆ.

ಇನ್ನು ಮಾಹಿಪುಷ್ತ್, ಮೀನಿನ ಹುರುಪೆಯ ವಿನ್ಯಾಸ. ನನಗೆ ಅತ್ಯಂತ ಪ್ರಿಯವಾದದ್ದು ಇದು. ಇದರಲ್ಲಿ ಮೀನಿಲ್ಲ. ಕಣ್ಣಿಲ್ಲ, ಬಾಲವಿಲ್ಲ, ಈಜುರೆಕ್ಕೆಯಿಲ್ಲ, ನೀರಂತೂ ಇಲ್ಲವೇ ಇಲ್ಲ. ಒಂದರ ಮೇಲೊಂದು ಅರ್ಧ ಮುಚ್ಚಿಕೊಂಡ ಸಣ್ಣ ಕಮಾನುಗಳ ಸಾಲು ಮಾತ್ರ. ಡಬ್ಬಿಯನ್ನು ಸ್ವಲ್ಪ ಓರೆ ಮಾಡಿ ಹಿಡಿದರೆ ಬೆಳ್ಳಿಯ ಮಿಂಚು ಒಂದು ಸಾಲಿನಿಂದ ಇನ್ನೊಂದಕ್ಕೆ ಜಾರುತ್ತದೆ, ಮೀನು ಮಗ್ಗುಲಾಗುವಾಗ ಜಾರುವಂತೆಯೇ. ಪ್ರಾಣಿಯನ್ನು ಇಡಿಯಾಗಿ ತರಬೇಕಿಲ್ಲ, ಅದರ ಚಲನೆ ಎಲ್ಲಿ ಕೂತಿದೆಯೋ ಅಷ್ಟನ್ನು ತಂದರೆ ಸಾಕು ಎಂಬ ನಿರ್ಧಾರ ಅದು. ಇಂಥ ನಿರ್ಧಾರ ಒಬ್ಬರಿಗೆ ಒಂದು ದಿನದಲ್ಲಿ ಹೊಳೆದಿರಲಾರದು. ತಲೆಮಾರುಗಳ ಕಾಲ ಬೇಡವಾದದ್ದನ್ನು ಬಿಡುತ್ತಾ ಬಂದಾಗ ಉಳಿದದ್ದು.

ಕೋಟೆಯೊಳಗೆ ಹೋದರೆ ಇದೇ ಮನಸ್ಸು ಕಲ್ಲಿನಲ್ಲಿಯೂ ಕೆಲಸ ಮಾಡಿದೆ. ರಂಗೀನ್ ಮಹಲಿನಲ್ಲಿ ಕಪ್ಪು ಕಲ್ಲಿನೊಳಗೆ ಮುತ್ತಿನ ಚಿಪ್ಪು ಕೂರಿಸಿದ್ದಾರೆ. 1542ರಿಂದ 1580ರವರೆಗೆ ಆಳಿದ ಅಲಿ ಬರೀದನ ಕಾಲದ ಕೆಲಸ. ಕಪ್ಪಿನಲ್ಲಿ ಬಿಳಿಯನ್ನು ಹೂಳುವ ಅಭಿರುಚಿ ಬೀದರಿಗೆ ಲೋಹದಲ್ಲಷ್ಟೇ ಇರಲಿಲ್ಲ. 1472ರ ಮಹಮೂದ್ ಗವಾನ್ ಮದರಸಾದ ಉಳಿದಿರುವ ಮಿನಾರನ್ನು ನೋಡಿ. ಬಣ್ಣದ ಹೆಂಚುಗಳು ಅಂಕುಡೊಂಕಾಗಿ ಮೇಲೇರುತ್ತವೆ. ಕಟ್ಟಡ ನಿಂತಿದೆ, ಕಣ್ಣು ನಿಲ್ಲುವುದಿಲ್ಲ. ಅಷ್ಟೂರಿನ ಅಹ್ಮದ್ ಶಾ ವಲಿಯ ಗುಮ್ಮಟದೊಳಗೆ ಕತ್ತು ಎತ್ತಿದರೆ ಬಳ್ಳಿ, ಹೂವು, ಅಕ್ಷರಗಳ ಬಣ್ಣದ ವರ್ತುಲಗಳು ಕಾಣುತ್ತವೆ. ಜಾತ್ರೆಯ ದಿನ ಹಿಂದೂ ಮುಸಲ್ಮಾನರು ಕೂಡಿ ಅಲ್ಲಿಗೆ ಹೋಗುತ್ತಾರೆ. ಆದರೆ ತಲೆಯೆತ್ತಿ ನೋಡುವವರು ಎಷ್ಟು ಮಂದಿ ಎಂಬುದು ಬೇರೆ ಮಾತು.

ಒಂದು ವ್ಯತ್ಯಾಸವನ್ನು ಮಾತ್ರ ಹೇಳಿ ಮುಂದೆ ಹೋಗುತ್ತೇನೆ. ಶರ್ಜಾ ದರವಾಜಾದ ಮೇಲೆ ಎರಡು ಹುಲಿಗಳಿವೆ, 1503ರ ಶಾಸನ ಆ ಬಾಗಿಲಿನದು. ಆ ಹುಲಿಗಳು ಓಡುವುದಿಲ್ಲ. ಅವು ಲಾಂಛನಗಳು, ಬಾಗಿಲು ಕಾಯುವ ಕೆಲಸದವು. ತಖ್ತ್ ಮಹಲಿನ ಕಮಾನಿನ ಮೂಲೆಗಳಲ್ಲಿರುವ ಹುಲಿ ಮತ್ತು ಸೂರ್ಯನೂ ಹಾಗೆಯೇ, ಅರಸನ ಅಧಿಕಾರವನ್ನು ಸಾರಲು ಇರುವವು. ಮೊಬೈಲಿನಲ್ಲಿ ಸಿಗುವ ಹದ್ದು, ಬಿಳಿ ಕುದುರೆಗಳಲ್ಲಿ ಬಹುಪಾಲು ಇದೇ ಜಾತಿಗೆ ಸೇರಿದವು. ಶಕ್ತಿ, ವಿಜಯ, ಸ್ವಾತಂತ್ರ್ಯ ಎಂದು ಹಣೆಪಟ್ಟಿ ಅಂಟಿಸಿಕೊಂಡ ಲಾಂಛನಗಳು. ಲಾಂಛನ ಬೇಕಾದಾಗ ಲಾಂಛನವನ್ನೇ ಆರಿಸಿ, ತಪ್ಪಿಲ್ಲ. ಚಲನೆ ಎಂದು ತಿಳಿದು ಅದನ್ನು ಆರಿಸಬೇಡಿ.

ಈಗ ಮೂರನೆಯ ಭಾಗ. ನಮ್ಮ ಮೂರು ತಾಲ್ಲೂಕುಗಳಲ್ಲಿ ಚಲಿಸುವುದು ಏನೇನಿದೆ? ನಾನು ಇಲ್ಲಿ ಯಾದಿ ಕೊಡಲು ನಿಂತಿಲ್ಲ. ಕೆಲವನ್ನು ಹತ್ತಿರದಿಂದ ನೋಡೋಣ.

ನೀರಿನಿಂದ ಶುರು ಮಾಡುತ್ತೇನೆ. ಬೀದರ್ ನಗರ ಕೆಂಪು ಮುರಕಲ್ಲಿನ ಪ್ರಸ್ಥಭೂಮಿಯ ಮೇಲಿದೆ. ಮೇಲೆ ಬಿದ್ದ ಮಳೆ ಆ ಕಲ್ಲಿನೊಳಗೆ ಇಳಿದು ಅಂಚಿನಲ್ಲಿ ಝರಿಯಾಗಿ ಹೊರಬರುತ್ತದೆ. ಗುರು ನಾನಕ್ ಝೀರಾ, ಝರಣಿ ನರಸಿಂಹ ಎಲ್ಲ ಹೀಗೆ ಬಂದ ನೀರು. ಝರಣಿಯಲ್ಲಿ ಭಕ್ತರು ಎದೆಮಟ್ಟದ ನೀರಿನಲ್ಲಿ ಸುಮಾರು ಮುನ್ನೂರು ಮೀಟರಿನ ಗುಹೆಯೊಳಗೆ ನಡೆದು ಹೋಗುತ್ತಾರೆ. ಮಕ್ಕಳು ಅಪ್ಪಂದಿರ ಹೆಗಲ ಮೇಲೆ. ಅಲ್ಲಿ ನೀರಿಗೆ ಅಲೆ ಬರುವುದು ಜನ ನಡೆಯುವುದರಿಂದ. ಒಬ್ಬರು ಮುಂದೆ ಸರಿದರೆ ಹಿಂದಿನವರ ಎದೆಗೆ ಅಲೆ ತಾಗುತ್ತದೆ. ಜಲಪಾತದ ಚಿತ್ರ ಹುಡುಕಿದ ಬೀದರಿನ ಹುಡುಗರಿಗೆ ನಾನು ತೋರಿಸಬಯಸುವ ನೀರು ಇದು. ಇನ್ನು ನೌಬಾದಿನ ಕಡೆಯ ಕರೇಜ್, ಸುರಂಗ ಬಾವಿ ಎಂದು ನಾವು ಕರೆಯುವುದು. ಅದರ ನೀರು ನೆಲದಡಿಯಲ್ಲಿ ಹರಿಯುತ್ತದೆ, ಮೇಲೆ ಅಲ್ಲಲ್ಲಿ ಗಾಳಿಗಂಡಿಗಳು ಮಾತ್ರ. ಇತಿಹಾಸವಾಗಿ ಅದ್ಭುತ, ಗೋಡೆಚಿತ್ರಕ್ಕೆ ಕಷ್ಟ. ಕಾಣದ ಚಲನೆಯನ್ನು ವಿವರಣೆಯ ಫಲಕವಿಲ್ಲದೆ ತೋರಿಸಲಾಗದು. ಅದನ್ನು ನಾನು ಬಿಡುತ್ತಿದ್ದೆ.

ಭಾಲ್ಕಿಯವರಿಗೆ ಕಾರಂಜಾ ಇದೆ, ಮಾಂಜ್ರಾ ಇದೆ. ಮಾಂಜ್ರಾ ಮಹಾರಾಷ್ಟ್ರದ ಬಾಲಾಘಾಟ್ ಬೆಟ್ಟಗಳಲ್ಲಿ ಹುಟ್ಟಿ, ನಮ್ಮ ಜಿಲ್ಲೆಯನ್ನು ಹಾದು ತೆಲಂಗಾಣದಲ್ಲಿ ಗೋದಾವರಿಯನ್ನು ಸೇರುತ್ತದೆ. ಬಯಲುಸೀಮೆಯ ನದಿ, ಗದ್ದಲವಿಲ್ಲ. ಇಂಥ ನದಿಯ ಹರಿವನ್ನು ಬರೆಯಬೇಕಾದರೆ ನೀರನ್ನು ನೋಡಿ ಪ್ರಯೋಜನವಿಲ್ಲ. ದಡದ ಆಪು ಎತ್ತ ಬಾಗಿದೆ, ತೇಲಿಬಂದ ಕಸ ಕಲ್ಲಿನ ಯಾವ ಮಗ್ಗುಲಿಗೆ ಸಿಕ್ಕಿಕೊಂಡಿದೆ, ದೋಣಿಯ ಹಗ್ಗ ಎಷ್ಟು ಬಿಗಿದಿದೆ, ಅದನ್ನು ನೋಡಬೇಕು. ಚಿತ್ರಸೂತ್ರದ ಪತಾಕೆ ಇಲ್ಲಿ ಆಪಾಗಿದೆ.

ಭಾಲ್ಕಿಯ ಇನ್ನೊಂದು ಚಲನೆ ಕಬ್ಬಿನದು. ಸೂಲಂಗಿ ಬಿಟ್ಟ ಕಬ್ಬಿನ ಹೊಲಕ್ಕೆ ಸಂಜೆ ಗಾಳಿ ಹೊಕ್ಕಾಗ ಇಡೀ ಹೊಲ ಒಂದೇ ಸಲ ಬಾಗುವುದಿಲ್ಲ. ಅಂಚಿನಿಂದ ಶುರುವಾದ ಬಾಗು ನಡುವಿಗೆ ತಲುಪುವ ಹೊತ್ತಿಗೆ ಅಂಚಿನ ಸಾಲು ಎದ್ದುನಿಂತಿರುತ್ತದೆ. ಈ ಹಿಂದುಮುಂದಿನಿಂದಲೇ ಅಲೆ ಹುಟ್ಟುವುದು. ಎಲ್ಲ ಸೂಲಂಗಿಗಳನ್ನೂ ಒಂದೇ ಕೋನದಲ್ಲಿ ಬಾಗಿಸಿ ಬರೆದರೆ ಬಿರುಗಾಳಿಗೆ ಮಲಗಿದ ಪೈರಿನಂತೆ ಕಾಣುತ್ತದೆ, ಬೆಳೆವಿಮೆಯವರನ್ನು ಕರೆಯಬೇಕಾದೀತು. ಕಬ್ಬು ಕಟಾವಾದ ಮೇಲೆ ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಹೇರಿ ಕಾರ್ಖಾನೆಗೆ ಒಯ್ಯುವಾಗ ಹಿಂದೆ ಜೋತುಬಿದ್ದ ಗರಿಗಳು ರಸ್ತೆಯನ್ನು ಗುಡಿಸುತ್ತಾ ಹೋಗುತ್ತವೆ. ಇದು ನಿಸರ್ಗವೇ, ಸಾರಿಗೆಯೇ ಎಂದು ಕೆಲವರು ಕೇಳಬಹುದು. ನನಗೆ ಈ ಬೇಲಿ ಬೇಡ. ಹಸಿರು ಗರಿ ಡಾಂಬರಿನ ಮೇಲೆ ಎಳೆಯುವ ಗೆರೆ ನಮ್ಮ ಕಡೆಯ ನಿಸರ್ಗದ ದಿನನಿತ್ಯದ ನಡೆ.

ಔರಾದ್‌ ಕಡೆಗೆ ಬಂದರೆ ನೆಲ ಕಪ್ಪಾಗುತ್ತದೆ, ಬಯಲು ಅಗಲವಾಗುತ್ತದೆ. ಅಲ್ಲಿನ ಹೆಮ್ಮೆ ದೇವಣಿ ತಳಿಯ ದನ. ಲಾತೂರು ಜಿಲ್ಲೆಯ ದೇವಣಿಯ ಹೆಸರು ಹೊತ್ತ ತಳಿ, ಆದರೆ ಗಡಿಯ ಈಚೆಗೆ ಔರಾದ್, ಭಾಲ್ಕಿಗಳಲ್ಲಿಯೂ ಅದು ಮನೆಯದೇ. ಮೂರು ಬಗೆ: ಪೂರ್ತಿ ಬಿಳಿಯದು ಬಾಲಂಕ್ಯಾ, ಬಿಳಿ ಮೈಗೆ ಕಪ್ಪು ಮುಖದ್ದು ವನ್ನೇರಾ, ಮೈಮೇಲೆಲ್ಲ ಅಡ್ಡಾದಿಡ್ಡಿ ಕಪ್ಪು ಮಚ್ಚೆಯದು ಶೇವರಾ. ಕಿವಿ ಜೋಲು, ಗಂಗೆದೊಗಲು ದೊಡ್ಡದು. ಓಡುವ ಕುದುರೆಯಲ್ಲೇ ಚಲನೆ ಇದೆ ಎಂದುಕೊಂಡವರು ಈ ಎತ್ತು ನಡೆಯುವುದನ್ನು ನೋಡಬೇಕು. ಮುಂಗಾಲು ಊರಿದ ಕ್ಷಣ ಭುಜದ ಮಾಂಸ ಮೇಲಕ್ಕೆ ಸರಿಯುತ್ತದೆ, ಗಂಗೆದೊಗಲು ಒಂದು ಗಳಿಗೆ ತಡವಾಗಿ ಆ ಕಡೆಗೆ ತೂಗುತ್ತದೆ, ಕಿವಿ ಅದಕ್ಕೂ ತಡವಾಗಿ. ಒಂದೇ ಹೆಜ್ಜೆಯಲ್ಲಿ ಮೂರು ವೇಳೆಗಳಿವೆ. ಶೇವರಾ ಎತ್ತಾದರೆ ಆ ಕಪ್ಪು ಮಚ್ಚೆಗಳು ಭುಜದೊಡನೆ ಸರಿಯುವುದರಿಂದ ಚಿತ್ರಕಾರನಿಗೆ ಇನ್ನೂ ಅನುಕೂಲ. ಕಾರಹುಣ್ಣಿಮೆಗೆ, ಗಡಿಯ ಊರುಗಳಲ್ಲಿ ಪೋಳಾಕ್ಕೆ, ಜೂಲು ಗೊಂಡೆ ಹಾಕಿ ಮೆರೆಸುವಾಗಿನ ಚಿತ್ರಗಳು ಎಲ್ಲರ ಮೊಬೈಲಿನಲ್ಲೂ ಇವೆ. ಆದರೆ ಅಂದು ಅಲಂಕಾರ ಚಲನೆಯನ್ನು ಮುಚ್ಚಿರುತ್ತದೆ. ಮರುದಿನ ಬರಿಮೈಯಲ್ಲಿ ಹೊಲಕ್ಕೆ ಹೋಗುವಾಗ ನೋಡಿ.

ಕೃಷ್ಣಮೃಗದ ಮಾತು ಬಿಡುವಂತಿಲ್ಲ. ಬೀದರ್ ಸುತ್ತಲಿನ ಬಯಲಿನಲ್ಲಿ ಅವುಗಳ ಹಿಂಡುಗಳಿವೆ. ಗಂಡಿನ ಬೆನ್ನು ಕಪ್ಪು, ಹೊಟ್ಟೆ ಮತ್ತು ಕಣ್ಣಿನ ಸುತ್ತ ಬಿಳಿ, ಕೊಂಬು ತಿರುಚಿದ ತಿರುಗಣೆ. ನಮ್ಮವರು ಥಟ್ಟನೆ ಇದು ಜೀವಂತ ಬಿದ್ರಿ ಎಂದುಬಿಡುತ್ತಾರೆ. ಬಣ್ಣದ ಈ ಹೊಂದಿಕೆ ಆಕಸ್ಮಿಕ, ಅಷ್ಟಕ್ಕೇ ಮರುಳಾಗಿ ಆರಿಸಬೇಡಿ. ಬೆದರಿದಾಗ ಹಿಂಡು ನೆಗೆಯುತ್ತಾ ಹೊರಡುವ ಬಗೆ, ನಾಲ್ಕೂ ಕಾಲು ನೆಲಬಿಟ್ಟು ಎದ್ದು ಬೀಳುವ ಆ ಸಾಲು, ಅದಕ್ಕಾಗಿ ಆರಿಸಿ. ಇನ್ನೊಂದು ಮಾತು. ಬಿತ್ತಿದ ಹೊಲದಲ್ಲಿ ಮೊಳಕೆ ಮೇಯುವ ಜಿಂಕೆ ರೈತನಿಗೆ ಸೌಂದರ್ಯವಲ್ಲ, ಖರ್ಚು. ಔರಾದಿನ ಗೋಡೆಯ ಮೇಲೆ ಜಿಂಕೆ ಬರೆದರೆ ಅದನ್ನು ನೋಡುವವರಲ್ಲಿ ಆ ರೈತನೂ ಇರುತ್ತಾನೆ. ಜಿಂಕೆಯ ಕಾಲಡಿ ಹುಲ್ಲುಗಾವಲು ಬರೆಯುವುದೋ ಸೋಯಾ ಹೊಲ ಬರೆಯುವುದೋ ಎಂಬುದು ಬರೀ ಹಿನ್ನೆಲೆಯ ಪ್ರಶ್ನೆಯಲ್ಲ.

ಮನುಷ್ಯನ ಮೈಯೂ ನಿಸರ್ಗದ ಭಾಗವೇ. ಎಳ್ಳಮಾಸಿಯ ದಿನ ನಾವೆಲ್ಲ ಭಜ್ಜಿ ರೊಟ್ಟಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತೇವೆ. ಚೆಲ್ಲುವವರ ಕೈಯನ್ನು ಗಮನಿಸಿದ್ದೀರಾ? ಸೊಂಟ ಸ್ವಲ್ಪ ಬಾಗಿ, ತೋಳು ಹಿಂದಕ್ಕೆ ಹೋಗಿ, ಅರ್ಧ ವರ್ತುಲ ಸುತ್ತಿ ಬೆರಳು ಬಿಚ್ಚುತ್ತದೆ. ಚರಗ ಬೀಸಣಿಗೆಯ ಹಾಗೆ ಹರಡುತ್ತದೆ. ಇದರಲ್ಲಿ ಯಾವ ಕ್ಷಣವನ್ನು ಹಿಡಿಯುತ್ತೀರಿ? ಕೈ ಹಿಂದೆ ಹೋಗಿರುವಾಗ ಹಿಡಿದರೆ ಯಾರೋ ಕಲ್ಲು ಬೀರುತ್ತಿರುವಂತೆ ಕಾಣುತ್ತದೆ. ಚರಗ ನೆಲಕ್ಕೆ ಬಿದ್ದ ಮೇಲೆ ಹಿಡಿದರೆ ಕೈ ಚಾಚಿ ಏನನ್ನೋ ಬೇಡುವಂತೆ. ಬೆರಳು ಬಿಚ್ಚಿದ, ಚರಗ ಇನ್ನೂ ಗಾಳಿಯಲ್ಲಿರುವ ಕ್ಷಣವೇ ಬೇಕು. ಅದರಲ್ಲಿ ಕೈ ಬಂದ ದಾರಿಯೂ ಚರಗ ಹೋಗುವ ದಾರಿಯೂ ಎರಡೂ ಓದಲು ಸಿಗುತ್ತವೆ. ಮೊಹರಮ್ಮಿನ ಅಲಾಯಿ ಕುಣಿಯ ಸುತ್ತಲಿನ ಹೆಜ್ಜೆ, ಶಾಲೆಯ ಮೆರವಣಿಗೆಯ ಲೇಜಿಮು, ಇವನ್ನೂ ಇದೇ ರೀತಿ ಬಿಡಿಸಿ ನೋಡಬಹುದು. ವಿಸ್ತರಿಸುವುದಿಲ್ಲ.

ಆಕಾಶವೊಂದು ಉಳಿಯಿತು. ಬೀದರಿನ ಮಕ್ಕಳಿಗೆ ವಿಮಾನದ ಸದ್ದು ಕಾಗೆಯ ಕೂಗಿನಷ್ಟೇ ಪರಿಚಿತ. ವಾಯುಪಡೆಯ ಸೂರ್ಯಕಿರಣ ತಂಡ 1996ರಲ್ಲಿ ರೂಪುಗೊಂಡದ್ದು ಇಲ್ಲಿಯೇ. 2011ರಲ್ಲಿ ನಿಂತು, ಮುಂದೆ ಹಾಕ್ ವಿಮಾನಗಳೊಂದಿಗೆ ಮತ್ತೆ ಶುರುವಾಯಿತು. ಒಂಬತ್ತು ವಿಮಾನಗಳು ಹೊಗೆಯ ಗೆರೆ ಎಳೆದು ಬೇರೆಯಾಗುವಾಗ ನಾವು ನೋಡುವುದು ವಿಮಾನವನ್ನಲ್ಲ, ಅದು ಹೋಗಿಯಾಗಿರುತ್ತದೆ. ಗಾಳಿಯಲ್ಲಿ ಉಳಿದ ಹೊಗೆಯನ್ನು ನೋಡುತ್ತೇವೆ. ಮೊದಮೊದಲು ಗೀಟುಹಾಕಿದಂತಿದ್ದ ಅದು ಗಾಳಿಗೆ ಸಿಕ್ಕಿ ಅಂಚಿನಲ್ಲಿ ಬಿಡಿಬಿಡಿಯಾಗಿ ಸುರುಳಿಗಟ್ಟುತ್ತದೆ. ಮಾರ್ಕಂಡೇಯ ಮುನಿ ಹೇಳಿದ ಹೊಗೆಯ ಪಾಠಕ್ಕೆ ಇದಕ್ಕಿಂತ ದೊಡ್ಡ ಹಲಗೆ ಬೇಕೆ?

ಕೊನೆಯ ಭಾಗಕ್ಕೆ ಬರುತ್ತೇನೆ. ಛಾಯಾಚಿತ್ರವನ್ನು ಬಳಸಲೇಬಾರದೇ? ಬಳಸಿ. ಆದರೆ ಕ್ಯಾಮೆರಾ ಏನನ್ನು ಮಾಡುತ್ತದೆ ಎಂದು ತಿಳಿದು ಬಳಸಿ. ಶತಮಾನಗಳ ಕಾಲ ಯುರೋಪಿನ ಚಿತ್ರಕಾರರು ಓಡುವ ಕುದುರೆಯನ್ನು ಮುಂಗಾಲು ಮುಂದಕ್ಕೆ, ಹಿಂಗಾಲು ಹಿಂದಕ್ಕೆ ಚಾಚಿ ಗಾಳಿಯಲ್ಲಿ ತೇಲುವಂತೆ ಬರೆದರು. 1878ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಎಡ್ವರ್ಡ್ ಮೈಬ್ರಿಜ್ ಕ್ಯಾಮೆರಾಗಳನ್ನು ಸಾಲಾಗಿಟ್ಟು ಓಟದ ಕುದುರೆಯ ಹೆಜ್ಜೆಗಳನ್ನು ಒಂದೊಂದಾಗಿ ಹಿಡಿದ. ಕುದುರೆಯ ನಾಲ್ಕೂ ಕಾಲು ನೆಲ ಬಿಡುವುದು ನಿಜ, ಆದರೆ ಆಗ ಕಾಲುಗಳು ಹೊಟ್ಟೆಯಡಿ ಮಡಚಿಕೊಂಡಿರುತ್ತವೆ ಎಂದು ತಿಳಿಯಿತು. ಹಳೆಯ ಚಿತ್ರಕಾರರೆಲ್ಲ ಸುಳ್ಳಾದರು ಎಂದು ಜನ ಹೇಳಿದರು. ಫ್ರಾನ್ಸಿನ ಶಿಲ್ಪಿ ರೊದ್ಯಾಂ ಮಾತ್ರ ಒಪ್ಪಲಿಲ್ಲ. ಜೆರಿಕೋ 1821ರಲ್ಲಿ ಬರೆದ ಕುದುರೆಪಂದ್ಯದ ಚಿತ್ರವನ್ನೇ ಅವನು ಸಮರ್ಥಿಸಿದ. ಕಾಲ ಎಲ್ಲೂ ನಿಲ್ಲುವುದಿಲ್ಲ, ನಿಲ್ಲಿಸಿ ತೋರಿಸುವ ಕ್ಯಾಮೆರಾವೇ ಸುಳ್ಳು ಎಂಬುದು ಅವನ ವಾದ. ನಾನು ರೊದ್ಯಾಂ ಪಕ್ಷ, ಆದರೆ ಮೈಬ್ರಿಜ್‌ನನ್ನು ನೋಡಿದ ಮೇಲಿನ ರೊದ್ಯಾಂ ಪಕ್ಷ.

ನೀರಿನ ಚಿತ್ರದಲ್ಲಿಯೂ ಇದೇ ಕಥೆ. ಸೆಕೆಂಡಿನ ಸಾವಿರದ ಒಂದು ಭಾಗದಲ್ಲಿ ತೆಗೆದರೆ ಝರಿ ಗಾಜಿನ ಚೂರಾಗುತ್ತದೆ, ಒಂದು ಪೂರ್ತಿ ಸೆಕೆಂಡು ತೆರೆದರೆ ಹಾಲಿನ ಹೊಗೆಯಾಗುತ್ತದೆ. ಕಣ್ಣಿಗೆ ಕಾಣುವ ನೀರು ಎರಡೂ ಅಲ್ಲ. ಹಾಗಾಗಿ ಒಂದೇ ಛಾಯಾಚಿತ್ರವನ್ನು ಆರಿಸಿ ತರಬೇಡಿ. ಒಂದೇ ಚಲನೆಯ ಹಲವು ಚಿತ್ರಗಳನ್ನು ನೀವೇ ತೆಗೆದು, ಪಕ್ಕದಲ್ಲಿ ಸ್ಥಳದಲ್ಲೇ ಗೀಚಿದ ರೇಖೆಗಳನ್ನಿಟ್ಟು, ಆ ರಾಶಿಯಿಂದ ಗೋಡೆಯ ಬಿಂಬವನ್ನು ಕಟ್ಟಿ.

ನೀವೇ ತೆಗೆಯಿರಿ ಎನ್ನಲು ಕಾನೂನಿನ ಕಾರಣವೂ ಇದೆ. ಅಂತರ್ಜಾಲದಲ್ಲಿ ಸಿಕ್ಕಿದ್ದೆಲ್ಲ ಬಿಟ್ಟಿಯಲ್ಲ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಆದ ತಿದ್ದುಪಡಿಯ ಪ್ರಕಾರ ಛಾಯಾಚಿತ್ರದ ಹಕ್ಕು ಅದನ್ನು ತೆಗೆದವರ ಜೀವಿತಾವಧಿ ಮತ್ತು ಅವರ ನಂತರದ 60 ವರ್ಷಗಳವರೆಗೆ ಇರುತ್ತದೆ. ಸಾರ್ವಜನಿಕ ಗೋಡೆಯ ಮೇಲೆ ಇನ್ನೊಬ್ಬರ ಹದ್ದನ್ನು ಯಥಾವತ್ತು ಇಳಿಸುವ ಮೊದಲು ಅವರನ್ನು ಕೇಳಬೇಕು. ಹಾಗೆಯೇ ಚರಗ ಚೆಲ್ಲುವ ಅಜ್ಜಿಯ ಮುಖವನ್ನು ಗುರುತು ಸಿಗುವಂತೆ ಬರೆಯುವುದಾದರೆ ಅವ್ವಾ, ಬರೀಲೇನ್ರೀ ಎಂದು ಅವರನ್ನೂ ಕೇಳಿ. ಇದು ಕಾಯ್ದೆಯ ಮಾತಲ್ಲ, ಊರಿನ ಮಾತು.

ಸಂಘಟಕರಲ್ಲಿ ನನ್ನದೊಂದು ವಿನಂತಿ ಇದೆ. ಗೋಡೆಗೆ ಸುಣ್ಣ ಹೊಡೆಸುವ ಮೊದಲು ಮೂರೂ ಊರಿನ ಮಕ್ಕಳಿಗೆ ಹೊರಗೆ ಕೂತು ಗೀಚಲು ಒಂದು ಹಂಗಾಮಿನ ಕಾಲಾವಕಾಶ ಕೊಡಿ. ಸೂಲಂಗಿ ಬರುವುದಕ್ಕೂ ಎಳ್ಳಮಾಸಿ ಬರುವುದಕ್ಕೂ ಅವುಗಳದೇ ವೇಳೆಯಿದೆ, ನಮ್ಮ ಉದ್ಘಾಟನೆಯ ದಿನಾಂಕಕ್ಕೆ ಅವು ಕಾಯುವುದಿಲ್ಲ. ಔರಾದಿನವರು ಎತ್ತನ್ನು ತರುತ್ತಾರೋ ಜಿಂಕೆಯನ್ನು ತರುತ್ತಾರೋ ಎಂಬ ಕುತೂಹಲ ನನಗಂತೂ ಇದೆ. ಸಂವಾದ ಆರಂಭವಾದೊಡನೆ ಮೊದಲು ಅದನ್ನೇ ಕೇಳುವವನಿದ್ದೇನೆ.